ಡೋಣಿಯ ಕೆಸರಿನಲ್ಲಿ ಒಂದು ವೈರ್‌ಲೆಸ್ ಗಾಡಿ

ಹೊರ್ತಿಯ ನಿಂಬೆ ತೋಟದಲ್ಲಿ ವರ್ಷಗಟ್ಟಲೆ ನಿಂತಿದ್ದ ಮಿಲಿಟರಿ ಗಾಡಿಯೊಂದನ್ನು ಮುದ್ದೇಬಿಹಾಳಕ್ಕೆ ನಡೆಸಿಕೊಂಡು ಬರಬೇಕು, ಇಷ್ಟೇ ನನಗೆ ಒಪ್ಪಿಸಿದ ಕೆಲಸ. ಒಪ್ಪಿಸಿದವರು ಮುದ್ದೇಬಿಹಾಳದ ಒಬ್ಬ ಸಾಹುಕಾರರು. ಗಾಡಿಯನ್ನು ಕೊಂಡಿದ್ದರೇ ಹೊರತು ಕಣ್ಣಿಂದ ನೋಡಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ನಾಲ್ಕೂ ಗಾಲಿಗಳಿಂದ ಎಳೆಯುವ ಅದರ ಚಾಸಿ. ಮೇಲಿನ ಡಬ್ಬಿಯನ್ನು ಕಿತ್ತು ನೀರಿನ ಟ್ಯಾಂಕ್ ಕೂರಿಸುವುದು ಅವರ ವಿಚಾರ.

"ಒಳಗ ಏನೋ ವೈರ್‌ಲೆಸ್ ಮಷೀನ್ ಐತಂತ. ಪೊಲೀಸರ ಕಣ್ಣಿಗೆ ಬಿದ್ರ ಸುಮ್ನ ತಾಪತ್ರಯ. ಸೋಮವಾರ ಸಂಜಿಕ ಗಾಡಿ ನನ್ನ ಬಾಗಲದಾಗ ಇರಬೇಕು. ಮಂಗಳವಾರ ಮುಂಜಾನಿ ವೆಲ್ಡಿಂಗ್‌ನವ ಬರ್ತಾನ. ಮೊದಲ ಆ ಮಷೀನ್ ಒಡಸಿ ಹಾಕ್ತೇನಿ" ಅಂದರು.

ಆಗಲಿ ಎಂದು ತಲೆಯಾಡಿಸಿದೆ. ಆದರೆ ವೈರ್‌ಲೆಸ್ ಎಂಬ ಮಾತು ಬಿದ್ದ ಮೇಲೆ ಉಳಿದದ್ದು ನನ್ನ ತಲೆಗೆ ಹೋಗಲೇ ಇಲ್ಲ. ಅದರ ಕಾರಣವನ್ನು ಇಲ್ಲೇ ಹೇಳಿಬಿಡುತ್ತೇನೆ.

ಹದಿನೆಂಟನೆಯ ವಯಸ್ಸಿನಲ್ಲಿ ನನ್ನೂರು ಬಾಗೇವಾಡಿಯಲ್ಲಿ, ತಾರ್ ಆಫೀಸಿನಿಂದ ನಿವೃತ್ತರಾಗಿದ್ದ ಒಬ್ಬ ಮಾಸ್ತರರ ಹತ್ತಿರ ಚುಕ್ಕಿ ಗೆರೆಗಳ ಮೋರ್ಸ್ ಕಲಿತಿದ್ದೆ. ಆರು ತಿಂಗಳು ತಾಟಿನ ಮೇಲೆ ಹಿತ್ತಾಳೆ ಚಮಚ ಬಡಿದು ಬಡಿದು ಮನೆಯವರಿಗೆಲ್ಲ ತಲೆಶೂಲೆ ತಂದಿಟ್ಟೆ. ಮಿಲಿಟರಿಯ ಸಿಗ್ನಲ್ ವಿಭಾಗ ಸೇರಬೇಕು, ವೈರ್‌ಲೆಸ್ ಗಾಡಿಯೊಳಗೆ ಕೂಡಬೇಕು, ಅದೊಂದೇ ಹುಚ್ಚು. ವಿಜಾಪುರದ ಭರ್ತಿಗೆ ಹೋಗಿ ಓಡಿದೆ, ಎದೆ ಉಬ್ಬಿಸಿದೆ, ಎಲ್ಲದರಲ್ಲೂ ಪಾಸಾದೆ. ಕೊನೆಗೆ ಡಾಕ್ಟರು ಬೆನ್ನ ಹಿಂದೆ ನಿಂತು ಬಲಗಿವಿಗೆ ಏನೋ ಪಿಸುಗುಟ್ಟಿದರು. ತಿರುಗಿ ಹೇಳಿದೆ. ಆಮೇಲೆ ಎಡಗಿವಿ. ಅವರು ಯಾವಾಗ ಶುರು ಮಾಡುತ್ತಾರೋ ಎಂದು ನಾನು ಕಾಯುತ್ತಲೇ ನಿಂತಿದ್ದೆ. ಅವರು ಹೇಳಿ ಮುಗಿಸಿಯಾಗಿತ್ತು. ಸಣ್ಣವನಿದ್ದಾಗ ಆ ಕಿವಿ ಸೋರುತ್ತಿತ್ತೆಂದು ಅವ್ವ ಆಮೇಲೆ ಹೇಳಿದಳು. ಸಂಜೆ ಅಂಗಳದಲ್ಲಿ ಆಯ್ಕೆಯಾದವರ ಹೆಸರು ಕೂಗುತ್ತಿದ್ದರು, ಒಬ್ಬೊಬ್ಬನೂ "ಹಾಜರ್" ಎನ್ನುತ್ತ ಮುಂದೆ ಹೋಗುತ್ತಿದ್ದ. ನಾನು ಗೇಟಿನ ಹೊರಗೆ ನಿಂತು ಕೊನೆಯ ಹೆಸರಿನವರೆಗೂ ಕೇಳಿದೆ.

ಅದಾಗಿ ಹನ್ನೆರಡು ವರ್ಷ. ಬಾಂಗ್ಲಾ ಯುದ್ಧವೂ ಮುಗಿದು ಹಳತಾಗಿತ್ತು. ನಾನು ಗ್ಯಾರೇಜಿನ ಎಣ್ಣೆ ಮಸಿಯಲ್ಲಿ ಇದ್ದೆ. ಆದರೂ ಅಂಥ ಗಾಡಿಯೊಳಗೆ ಒಂದೇ ಒಂದು ಸಲ ಕೂತು ವೈರ್‌ಲೆಸ್ ಸೆಟ್ಟು ಮಾತಾಡುವುದನ್ನು ಕೇಳಬೇಕೆಂಬ ಆಸೆ ಹೋಗಿರಲಿಲ್ಲ. ಒಡೆಯುವ ಮೊದಲು ಕೇಳಬೇಕಿತ್ತು. ಹೊರ್ತಿಯಿಂದ ಮುದ್ದೇಬಿಹಾಳದವರೆಗಿನ ದಾರಿ ಎಷ್ಟಿದೆಯೋ ಅಷ್ಟೇ ನನ್ನ ಅವಕಾಶ.

ಗಾಡಿಗೆ ಆರು ವೋಲ್ಟಿನ ಒಂದು ಬ್ಯಾಟರಿ ಸಾಕು. ನಾನು ಎರಡು ಒಯ್ದೆ. ಅಂಥ ಸೆಟ್ಟಿಗೆ ಹನ್ನೆರಡು ವೋಲ್ಟು ಬೇಕೆಂದು ಮಾಸ್ತರರು ಹೇಳಿದ್ದು ನೆನಪಿತ್ತು.

ಜೊತೆಗೆ ಸಾಹುಕಾರರು ತಮ್ಮ ಲೆಕ್ಕ ಬರೆಯುವ ಮುನೀಮರನ್ನು ಕಳಿಸಿದರು. ಗಾಡಿಯ ಮೇಲೆ ಕಣ್ಣಿಡಲು ನಾನು, ನನ್ನ ಮೇಲೆ ಕಣ್ಣಿಡಲು ಅವರು. ಐವತ್ತೈದರ ಆಸುಪಾಸಿನ ವೈಷ್ಣವರು. ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಕಚ್ಚೆ ಧೋತರ, ಕರಿ ಟೊಪ್ಪಿಗೆ, ಕೊಡೆ, ಒಂದು ತಂಬಿಗೆ. ಹೊರಗಿನ ಅಡಿಗೆ ಮುಟ್ಟುವವರಲ್ಲ. ಸೋಮವಾರ ಮಧ್ಯಾಹ್ನದವರೆಗೆ ಸಾಕಾಗುವಷ್ಟು ಅವಲಕ್ಕಿ ಗಂಟು ಕಟ್ಟಿಕೊಂಡು ಬಂದಿದ್ದರು.

"ಎರಡು ಬ್ಯಾಟರಿ ಯಾಕಪಾ?" ಅಂತ ಬಸ್ಸಿನಲ್ಲೇ ಕೇಳಿದರು.

"ಒಂದು ಸ್ಪೇರ್ ಇರ್ಲಿ ಅಂತ್ರಿ."

ಇದು ಮೊದಲನೆಯ ಸುಳ್ಳು.

ಶನಿವಾರ ಹೊರ್ತಿ ಮುಟ್ಟಿದೆವು. ತೋಟದ ಯಜಮಾನಿ ಎಪ್ಪತ್ತು ದಾಟಿದ ಅಜ್ಜಿ. ಆಕೆಯ ಗಂಡ ಸೊಲ್ಲಾಪುರದ ಕಡೆಯ ಹರಾಜಿನಲ್ಲಿ ಈ ಗಾಡಿ ಹಿಡಿದು, ಎಂಜಿನ್ನಿನಿಂದ ಬಾವಿಯ ನೀರೆತ್ತುವ ಹಂಚಿಕೆ ಹಾಕಿದ್ದರಂತೆ. ಹರಾಜಿಗೆ ಮುಂಚೆ ಸೆಟ್ಟನ್ನು ಬಿಚ್ಚಿಕೊಳ್ಳುವುದು ಯಾರಿಗೋ ಮರೆತುಹೋಗಿತ್ತು. ಗಂಡ ತೀರಿದ ಮೇಲೆ ಅಜ್ಜಿ ಗಾಡಿಯ ಡಬ್ಬಿಯಲ್ಲಿ ಉಳ್ಳಾಗಡ್ಡಿ ತುಂಬಿ ಕೀಲಿ ಜಡಿದಿದ್ದರು.

ಗಾಡಿಯ ಮೂತಿ ಮೊಂಡು. ಮುಂದಿನ ಗಾಜು ಮೇಲ್ಗಡೆಯಿಂದ ಮುಂದಕ್ಕೆ ಬಾಗಿತ್ತು. ಬಿಸಿಲು ಆಕಾಶಕ್ಕೆ ಹೊಳೆದು ಶತ್ರು ವಿಮಾನಕ್ಕೆ ಗುರುತು ಸಿಗಬಾರದೆಂದು ಹಾಗೆ ಮಾಡುತ್ತಿದ್ದರು. ಅಂಥ ಗಾಡಿಯನ್ನು ನಾನು ಚಿತ್ರದಲ್ಲಷ್ಟೇ ಕಂಡಿದ್ದೆ. ಅಜ್ಜಿ ಕೀಲಿ ತೆಗೆದರು. ಚೀಲಗಳನ್ನು ಹೊರಗೆಳೆದೆ. ಉಳ್ಳಾಗಡ್ಡಿಯ ಘಾಟಿಗೆ ಕಣ್ಣಲ್ಲಿ ನೀರು ಬಂತು. ಎಲ್ಲವೂ ಉಳ್ಳಾಗಡ್ಡಿಯದೇ ಎಂದು ಹೇಳಲಾರೆ. ಮೇಜಿನ ಮೇಲೆ ಸೆಟ್ಟು ಹಾಗೇ ಕೂತಿತ್ತು. ಅದರ ಮುಖಕ್ಕೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮೇಲಿನಿಂದ ಕೆಳಗೆ ಇಳಿದ ಎಣ್ಣೆ.

"ನಮ್ಮ ಯಜಮಾನ್ರು ಇದರ ಮುಂದ ತಾಸಗಟ್ಲೆ ಕೂಡ್ತಿದ್ರು" ಅಂದರು ಅಜ್ಜಿ. "ಅವರು ಹೋದಮ್ಯಾಲ ನಾ ಒಂದ ಅಮಾಸಿ ತಪ್ಪಿಸಿಲ್ಲ. ಎಣ್ಣಿ ಸವರೇನಿ, ಇಬತ್ತಿ ಹಚ್ಚೇನಿ, ಕಾಯಿ ಒಡದೇನಿ."

ಗುಂಡಿಗಳ ಮೇಲೆ ಇಂಗ್ಲಿಷ್ ಅಕ್ಷರ, ಅದರ ಕೆಳಗೆ ಇನ್ನೊಂದು ಲಿಪಿ. ರಷ್ಯನ್ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಮುನೀಮರು ಕನ್ನಡಕ ಏರಿಸಿ ಬಗ್ಗಿ ನೋಡಿ, "ಮೋಡಿನೂ ಅಲ್ಲ, ಬಾಳಬೋಧನೂ ಅಲ್ಲ" ಎಂದು ಮರಾಠಿಯ ಎರಡೂ ಲಿಪಿಗಳನ್ನು ತಳ್ಳಿಹಾಕಿ ಕೈಬಿಟ್ಟರು. ಕಿವಿಗೆ ಹಾಕುವ ಹೆಡ್‌ಫೋನು, ಮೋರ್ಸ್ ಕೀ, ನೆಲಕ್ಕೆ ಹೊಡೆಯುವ ತಾಮ್ರದ ಗೂಟ, ಎಲ್ಲ ಒಂದು ಕಟ್ಟಿಗೆಯ ಪೆಟ್ಟಿಗೆಯಲ್ಲಿ ಸಿಕ್ಕವು. ಏರಿಯಲ್ ಕೋಲಿನ ಮೂರು ತುಂಡುಗಳಲ್ಲಿ ಎರಡೇ ಇದ್ದವು. ಮೂರನೆಯದನ್ನು ಹುಡುಕಿ ಹುಡುಕಿ ಸಾಕಾಗಿ ಹೊರಗೆ ಬಂದರೆ, ಆಳೊಬ್ಬ ಅದರ ತುದಿಗೆ ಕೊಕ್ಕೆ ಕಟ್ಟಿಕೊಂಡು ನಿಂಬೆಕಾಯಿ ಕೀಳುತ್ತಿದ್ದ.

"ಅದನ್ನ ಕೊಡಂಗಿಲ್ಲ" ಅಂದರು ಅಜ್ಜಿ. "ಇಂಥಾ ಹಗೂರ ಕೋಲು ಇಡೀ ಇಂಡಿ ತಾಲೂಕಿನ್ಯಾಗ ಸಿಗಂಗಿಲ್ಲ."

ಅರ್ಧ ತಾಸು ಗೋಗರೆದೆ. ಕೊನೆಗೆ ಸೆಟ್ಟಿನ ಮುಂದೆ ಕೂಡುತ್ತಿದ್ದ ಗಂಡನ ನೆನಪು ಬಂತೋ ಏನೋ, ಆಕೆಯೇ ಕೊಕ್ಕೆ ಬಿಚ್ಚಿಸಿ ಕೊಟ್ಟರು. ಮುನೀಮರ ಉಡಿಗೆ ಹತ್ತು ನಿಂಬೆಹಣ್ಣನ್ನೂ ಹಾಕಿದರು.

ಗಾಡಿ ಎಬ್ಬಿಸಲು ಆ ದಿನವೆಲ್ಲ ಹಿಡಿಯಿತು. ಪೆಟ್ರೋಲ್ ಪಂಪಿನ ಪೊರೆ ಒಣಗಿ ಹರಿದಿತ್ತು. ಅದನ್ನು ಬಿಟ್ಟು, ಗಾಡಿಯ ತಲೆಯ ಮೇಲೆ ಒಂದು ತಗಡಿನ ಡಬ್ಬಿ ಕಟ್ಟಿ ರಬ್ಬರ್ ನಳಿಗೆಯಿಂದ ಪೆಟ್ರೋಲು ನೇರವಾಗಿ ಇಳಿಯುವಂತೆ ಮಾಡಿದೆ. ರೇಡಿಯೇಟರಿನಲ್ಲಿ ಸಣ್ಣ ಸೋರಿಕೆ. ಎರಡು ಹಿಡಿ ಜೋಳದ ಹಿಟ್ಟು ಕಲಸಿ ಒಳಗೆ ಹಾಕಿದೆ, ನಿಂತಿತು. ಬ್ರೇಕು ಇದ್ದೂ ಇಲ್ಲದಂತೆ. ಹ್ಯಾಂಡಲ್ ಹಾಕಿ ತಿರುವಿ ತಿರುವಿ ರಟ್ಟೆ ಬಿದ್ದುಹೋದ ಹೊತ್ತಿಗೆ ಎಂಜಿನ್ನು ಒಮ್ಮೆ ಕೆಮ್ಮಿ ಹಿಡಿದುಕೊಂಡಿತು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು.

ಭಾನುವಾರ ಹೊರಟೆವು. ಪ್ರತಿ ಗೇರಿಗೂ ಎರಡೆರಡು ಸಲ ಕ್ಲಚ್ ತುಳಿಯಬೇಕು, ನಡುವೆ ಎಂಜಿನ್ನಿನ ವೇಗ ಸರಿಹೊಂದಿಸಬೇಕು. ಒಂದಿಷ್ಟು ಹೆಚ್ಚುಕಡಿಮೆಯಾದರೂ ಗೇರು ಕಿರುಚುತ್ತಿತ್ತು. ಪ್ರತಿ ಕಿರುಚಿಗೂ ಮುನೀಮರು ನನ್ನ ಮುಖ ನೋಡುತ್ತಿದ್ದರು. ಸ್ಟೇರಿಂಗು ಅರ್ಧ ಸುತ್ತು ತಿರುಗಿದ ಮೇಲೆ ಗಾಲಿಗೆ ಸುದ್ದಿ ಮುಟ್ಟುತ್ತಿತ್ತು. ಎಂಜಿನ್ನಿನ ಕಾವಿಗೆ ಕಾಲು ಬೇಯುತ್ತಿತ್ತು. ಇಂಡಿ ಪೇಟೆಯಲ್ಲಿ ಜನ ಸುತ್ತುವರಿದು, ಮತ್ತೆ ಯುದ್ಧ ಶುರುವಾಯಿತೇನೆಂದು ಕೇಳಿದರು. ಸಿಂದಗಿ ಮುಟ್ಟುವಾಗ ಹೊತ್ತು ಇಳಿದಿತ್ತು.

ಮುನೀಮರು ತಮ್ಮ ಪರಿಚಯದವರ ಮನೆಗೆ ಹೋದದ್ದೇ ತಡ, ನಾನು ಎರಡೂ ಬ್ಯಾಟರಿ ಜೋಡಿಸಿ ಸೆಟ್ಟಿಗೆ ತಂತಿ ಕೊಟ್ಟೆ. ಒಳಗಿನ ವಾಲ್ವುಗಳು ಒಂದೊಂದಾಗಿ ಕೆಂಪಾದವು. ಹೆಡ್‌ಫೋನಿನಲ್ಲಿ ಮಾತ್ರ ಏನೂ ಇಲ್ಲ, ಒಂದು ಸಣ್ಣ ಗುಂಯ್ ಕೂಡ ಇಲ್ಲ. ಬಲಗಿವಿಯೂ ಕೈಕೊಟ್ಟಿತೇ ಎಂದು ಹೆದರಿ, ಕೈಗಡಿಯಾರವನ್ನು ಅದರ ಹತ್ತಿರ ಹಿಡಿದು ನೋಡಿದೆ. ಟಿಕ್ ಟಿಕ್ ಕೇಳಿತು. ದೋಷ ಸೆಟ್ಟಿನಲ್ಲೇ ಇತ್ತು. ಅದನ್ನು ಬಿಚ್ಚಿ ಹುಡುಕಲು ಅರ್ಧ ದಿನವಾದರೂ ಬೇಕು, ಅದೇ ನನ್ನ ಹತ್ತಿರ ಇರಲಿಲ್ಲ.

ಸೋಮವಾರ ಹೊತ್ತೇರುವ ಮುನ್ನವೇ ಹೂವಿನ ಹಿಪ್ಪರಗಿಯ ದಾರಿ ಹಿಡಿದೆವು. ಹಿಂದಿನ ಎರಡು ದಿನ ಆ ಕಡೆ ಉತ್ತರಿ ಮಳೆ ಚೆನ್ನಾಗಿ ಬಿದ್ದಿತ್ತು. ಹಿಪ್ಪರಗಿ ಇನ್ನೂ ದೂರವಿರುವಾಗ ಡೋಣಿ ಹೊಳೆ ದಾಟಬೇಕು. ಹೊಳೆ ಇಳಿದಿತ್ತು, ದಾಟಿದ್ದೂ ಆಯಿತು. ಆಚೆ ದಂಡೆ ಏರುವಾಗ ಎದುರಿಗೆ ಕುರಿ ಹಿಂಡು ಬಂತು. ಅದಕ್ಕೆ ದಾರಿ ಬಿಡಲು ಎಡಕ್ಕೆ ಸರಿದೆ. ಎರೆಮಣ್ಣಿನ ನೆಲದಲ್ಲಿ ಹುಟ್ಟಿ ಬೆಳೆದವನು ಮಾಡಬಾರದ ಕೆಲಸ ಅದು. ಎಡಗಡೆಯ ಎರಡೂ ಗಾಲಿ ಅಚ್ಚಿನವರೆಗೆ ಕುಸಿದವು. ನಾಲ್ಕೂ ಗಾಲಿಗೆ ಬಲ ಕೊಡುವ ಲಿವರ್ ಎಳೆದೆ. ನಾಲ್ಕೂ ಗಾಲಿ ತಿರುಗಿ ಗಾಡಿ ಇನ್ನಷ್ಟು ಇಳಿಯಿತು.

ಹತ್ತಿರದ ಊರಿಗೆ ಓಡಿದೆ. ಕಟ್ಟೆಯ ಮೇಲೆ ಜನ ಆರಾಮಾಗಿ ಕೂತಿದ್ದರು. ಆರು ಜೋಡಿ ಎತ್ತು ಬೇಕೆಂದೆ.

"ಇವತ್ತ ಸೋಮಾರ ಅಲ್ಲೇನ್ರಿ?" ಅಂದ ಒಬ್ಬ ಹಿರಿಯ ರೈತ. "ಬಸವಣ್ಣನ ವಾರ. ಎತ್ತಿನ ಹೆಗಲಿಗೆ ನೊಗ ಇಡಂಗಿಲ್ಲ. ಯಾವ ಊರ ನಿಮ್ಮದು?"

"ಬಾಗೇವಾಡಿ" ಅಂದೆ, ತಲೆ ತಗ್ಗಿಸಿ.

ಕಟ್ಟೆಯೆಲ್ಲ ನಕ್ಕಿತು. "ಬಸವಣ್ಣನ ಊರಾಗ ಹುಟ್ಟಿ ಸೋಮಾರ ಮರತಿ ಅಂದ್ರ, ನಿನ್ನ ಗಾಡಿ ಹುಗೀದ ಏನ ಮಾಡೀತು?"

ನಗುತ್ತಲೇ ನಲವತ್ತು ಜನ ನನ್ನ ಹಿಂದೆ ಬಂದರು. ಗಾಡಿಯನ್ನು ಸುತ್ತಿ ನೋಡಿ, ತಮ್ಮೊಳಗೇ ಮಾತಾಡಿಕೊಂಡು ಆ ಹಿರಿಯ ಹೇಳಿದ: "ಎತ್ತು ಬ್ಯಾಡ. ಇವತ್ತ ನಮಗೂ ಕೆಲಸಿಲ್ಲ, ನಾವ ಎಳಿತೇವಿ. ಹಗ್ಗ ತರಸಲೇನು?"

ಮುನೀಮರ ಮುಖ ಅರಳಿತು. ಆಗ ಇನ್ನೂ ಹನ್ನೊಂದು ಗಂಟೆ. ಹಗ್ಗ ಬಂದರೆ ಒಂದು ತಾಸಿನಲ್ಲಿ ಗಾಡಿ ಮೇಲೆ. ಸಂಜೆಗೆ ಮುದ್ದೇಬಿಹಾಳ, ಮರುದಿನ ಮುಂಜಾನೆ ಸುತ್ತಿಗೆ. ನಾನು ಡಬ್ಬಿಯ ಬಾಗಿಲ ಕಡೆ ನೋಡಿದೆ. ಹನ್ನೆರಡು ವರ್ಷದ ಹಿಂದೆ ಗೇಟಿನ ಹೊರಗೆ ನಿಂತದ್ದು ನೆನಪಾಯಿತು.

"ಬ್ಯಾಡ್ರಿ" ಅಂದೆ. "ಕ್ಲಚ್ ಕಾಯ್ದು ಹೋಗೇತಿ. ಈಗ ಎಳದ್ರ ಪ್ಲೇಟ್ ಸುಡ್ತತಿ. ನಾಳೆ ಮುಂಜಾನಿ ಎತ್ತು ಹೂಡ್ರಿ."

ಕ್ಲಚ್ಚಿಗೆ ಏನೂ ಆಗಿರಲಿಲ್ಲ. ಜನ ಚದುರಿದರು. ಮುನೀಮರು ಅವಲಕ್ಕಿಯ ಗಂಟು ಬಿಚ್ಚಿದರು. ಒಳಗೆ ಒಂದೇ ಮುಷ್ಟಿ ಉಳಿದಿತ್ತು. ಅದು ಸಂಜೆಗೂ ಸಾಲದು, ಮರುದಿನದ ಮಾತೇ ಬೇಡ. ಊರಿನ ಹೆಣ್ಣುಮಗಳೊಬ್ಬಳು ಬಿಸಿ ರೊಟ್ಟಿ, ಪುಂಡಿಪಲ್ಯ ತಂದಳು. ನಾನು ಉಂಡೆ, ಅವರು ಕೈಮುಗಿದು ಬೇಡವೆಂದರು. ಡೋಣಿಯ ನೀರು ಉಪ್ಪು, ಕುಡಿಯಲು ಬರುವುದಿಲ್ಲ. ಊರ ಬಾವಿಯಿಂದ ತಾವೇ ಒಂದು ತಂಬಿಗೆ ಸೇದಿಕೊಂಡು ಬಂದು, ಹೊರ್ತಿಯ ನಿಂಬೆಹಣ್ಣು ಹಿಂಡಿ ಗುಟುಕು ಗುಟುಕಾಗಿ ಕುಡಿದರು. ನನ್ನ ಆಸೆಗೆ ಮುನೀಮರನ್ನು ಉಪವಾಸ ಕೆಡವಿದೆನೆಂದು ನಾಚಿಕೆಯಾಯಿತು. ಆದರೂ ನಿಲ್ಲಿಸಲಿಲ್ಲ. ಇದನ್ನು ಮುಚ್ಚಿಟ್ಟು ಬರೆದರೆ ಸುಳ್ಳಾಗುತ್ತದೆ.

ಸೆಟ್ಟಿನ ಮುಖದ ಸ್ಕ್ರೂಗಳನ್ನು ಬಿಚ್ಚಿ ಹೊರಗೆಳೆದೆ. ವಾಲ್ವುಗಳನ್ನು ಒಂದೊಂದಾಗಿ ತೆಗೆದು ಕಾಲುಗಳನ್ನು ಒರೆಸಿ ಕೂರಿಸಿದೆ. ತಂತಿಗಳನ್ನು ಬೆರಳಿಂದ ಹಿಡಿದು ತುದಿಯವರೆಗೆ ಹೋದೆ. ಎರಡು ತಾಸು ಕಳೆದರೂ ದೋಷ ಸಿಗಲಿಲ್ಲ. ಬೆವರು ಒರೆಸಿಕೊಳ್ಳುವಾಗ ಅಂಗೈಯಲ್ಲಿ ಬೂದಿಯ ಜಿಡ್ಡು ಕಂಡಿತು. ಆಗ ಹೊಳೆಯಿತು. ಅಜ್ಜಿ ಅಮಾವಾಸ್ಯೆಗೊಮ್ಮೆ ಸವರಿದ ಎಣ್ಣೆ, ಹಚ್ಚಿದ ವಿಭೂತಿ, ಸಿಡಿದ ಕಾಯಿನೀರು ಎಲ್ಲ ಕೂಡಿ ಹೆಡ್‌ಫೋನ್ ಚುಚ್ಚುವ ತೂತಿನಲ್ಲಿ, ದೊಡ್ಡ ಸ್ವಿಚ್ಚಿನ ಹಲ್ಲುಗಳ ನಡುವೆ ಗಟ್ಟಿಯಾಗಿ ಕೂತಿದ್ದವು. ದಂಡೆಯಲ್ಲಿ ಬಿದ್ದಿದ್ದ ಹಕ್ಕಿಯ ಪುಕ್ಕವನ್ನು ಪೆಟ್ರೋಲಿನಲ್ಲಿ ಅದ್ದಿ ಅದ್ದಿ ತೊಳೆದೆ. ಆದರೆ ಅದೇ ಎಣ್ಣೆ ಉಳಿದ ಕಬ್ಬಿಣಕ್ಕೆ ಇಷ್ಟು ವರ್ಷ ತುಕ್ಕು ಹತ್ತದಂತೆ ಕಾಯ್ದಿತ್ತು ಕೂಡ. ಹಾಗಾಗಿ ಅಜ್ಜಿಗೆ ಬೈಯಲು ಬಾಯಿ ಬರಲಿಲ್ಲ.

ಏರಿಯಲ್ ಕೋಲಿನ ಮೂರೂ ತುಂಡು ಸಿಕ್ಕಿಸಿ ನಿಲ್ಲಿಸಿದೆ. ತಾಮ್ರದ ಗೂಟವನ್ನು ಡೋಣಿಯ ಕೆಸರಿಗೆ ಹೊಡೆದೆ. ಒಣ ನೆಲದಲ್ಲಿ ಈ ಗೂಟಕ್ಕೆ ನೀರು ಹಾಕಬೇಕು, ಉಪ್ಪು ಹಾಕಬೇಕೆಂದು ಮಾಸ್ತರರು ಕಲಿಸಿದ್ದರು. ಇಲ್ಲಿ ಎರಡೂ ತಾವಾಗಿಯೇ ಇದ್ದವು. ನನ್ನ ಗಾಡಿಯನ್ನು ಹಿಡಿದು ಕೂತ ಆ ಕೆಸರಿಗಿಂತ ಚಲೋ ಅರ್ಥಿಂಗ್ ಸೆಟ್ಟಿಗೆ ಎಲ್ಲೂ ಸಿಗುತ್ತಿರಲಿಲ್ಲ.

ಹೊತ್ತು ಮುಳುಗುವಾಗ ಸ್ವಿಚ್ ಹಾಕಿದೆ. ಸೆಟ್ಟಿಗೆ ಕರೆಂಟು ಒದಗಿಸುವ ಕೆಳಗಿನ ಮೋಟಾರು ಗುಂಯ್ ಎಂದು ತಿರುಗಲು ಹತ್ತಿತು. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಸುರ್ ಎಂದು ಗಾಳಿಯ ಸದ್ದು ಬಲಗಿವಿಯಲ್ಲಿ ತುಂಬಿಕೊಂಡಿತು. ಮುಳ್ಳು ತಿರುವಿದೆ. ಎಲ್ಲಿಂದಲೋ ಒಬ್ಬ ಮನುಷ್ಯ ಮಾತಾಡುತ್ತಿದ್ದ. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ.

ಮುನೀಮರು ಬಾಗಿಲಲ್ಲಿ ಬಂದು ನಿಂತಿದ್ದರು. ಜೋಡಿಸಿದ ಎರಡೂ ಬ್ಯಾಟರಿಗಳನ್ನು ನೋಡಿದರು.

"ಇದ ಅಲಾ ನಿನ್ನ ಸ್ಪೇರ್?"

ಬೈಯುತ್ತಾರೆಂದುಕೊಂಡೆ. ಅವರು ಒಳಗೆ ಹತ್ತಿ ಪೆಟ್ಟಿಗೆಯ ಮೇಲೆ ಕೂತರು. "ಅದರಾಗ ಏನು ಕೇಳಸ್ತದ?"

ಎಡಗಿವಿಯ ಬಟ್ಟಲು ನನಗೆ ಹೇಗೂ ದಂಡ. ಹೆಡ್‌ಫೋನನ್ನು ಅಗಲಿಸಿ ಅದನ್ನು ಅವರ ಕಿವಿಗೆ ಹಿಡಿದೆ. ಇಬ್ಬರ ತಲೆಗಳೂ ತಾಗಿದವು. ಅವರು ಕಣ್ಣು ಮುಚ್ಚಿ ಕೇಳಿ, "ಮರಾಠಿ! ಪೇಟೆ ಧಾರಣಿ ಹೇಳ್ಲಿಕ್ಕತ್ಯಾನ" ಎಂದು ಹಿಗ್ಗಿದರು. ಬೆಲ್ಲದ ಧಾರಣೆ ಬರುವವರೆಗೆ ಮುಳ್ಳು ತಿರುವಲು ಬಿಡಲಿಲ್ಲ.

ಅದಾದ ಮೇಲೆ ಸಿಕ್ಕಿತು ನನಗೆ ಬೇಕಾದದ್ದು. ಟಿ ಟಿ ಟೀ, ಟೀ ಟಿ. ಯಾವನೋ ಸ್ವಚ್ಛವಾಗಿ, ಅವಸರವಿಲ್ಲದೆ ಕಳಿಸುತ್ತಿದ್ದ. ಜೇಬಿನಲ್ಲಿದ್ದ ಗ್ಯಾರೇಜಿನ ಚೀಟಿಯ ಹಿಂದೆ ಬರೆದುಕೊಳ್ಳುತ್ತ ಹೋದೆ. ಐದೈದು ಅಕ್ಷರಗಳ ಗುಂಪು. ಹನ್ನೆರಡು ವರ್ಷವಾದರೂ ಕೈ ಮರೆತಿರಲಿಲ್ಲ. ಒಂದು ಅಕ್ಷರವೂ ತಪ್ಪಲಿಲ್ಲ, ಅದೂ ಒಂದೇ ಕಿವಿಯಲ್ಲಿ.

"ಏನಂತಾನ?"

"ಗೊತ್ತಿಲ್ರಿ. ಗುಟ್ಟಿನ ಭಾಷಾ ಅದು."

"ಗೊತ್ತಿಲ್ಲದ್ದು ಬರಕೊಳ್ಳಲಿಕ್ಕೆ ಇಷ್ಟು ಖುಷಿ ಏನಪಾ ನಿನಗ?"

ಆಗ ಭರ್ತಿಯ ದಿನದ ಕಥೆ ಹೇಳಿದೆ. ಡಾಕ್ಟರ ಪಿಸುಮಾತು, ಗೇಟು, ಹೆಸರು ಕೂಗಿದ್ದು. ಕ್ಲಚ್ಚಿನ ಸುಳ್ಳನ್ನು ಮಾತ್ರ ನುಂಗಿಕೊಂಡೆ. ಅವರು ಬಟ್ಟಲನ್ನು ಕಿವಿಯಿಂದ ತೆಗೆಯಲಿಲ್ಲ.

ಕೀ ನನ್ನ ಬಲಗೈಯ ಹತ್ತಿರವೇ ಇತ್ತು. ಆಚೆಯವನು ಕಳಿಸಿ ಮುಗಿಸಿ ನಿಲ್ಲಿಸಿದ. ಒತ್ತಿದರೆ ಸಾಕು, ಅವನಿಗೆ ಕೇಳುತ್ತಿತ್ತು. ಬೆರಳು ಅದರ ಮೇಲಿಟ್ಟೆ. ಪರವಾನಗಿ ಇಲ್ಲದವನು ಗಾಳಿಯಲ್ಲಿ ಮಾತು ಕಳಿಸುವುದು ಗುನ್ಹೆ ಎಂದು ಗೊತ್ತಿತ್ತು. ಆದರೆ ನನ್ನನ್ನು ತಡೆದದ್ದು ಅದಲ್ಲ. ಆ ಹೊತ್ತಿನಲ್ಲಿ ಯಾವನೋ ಸಿಪಾಯಿ ಯಾವುದೋ ಗಡಿಯಲ್ಲಿ ತನಗೆ ಬರಬೇಕಾದ ಉತ್ತರಕ್ಕೆ ಕಿವಿಗೊಟ್ಟು ಕೂತಿರುತ್ತಾನೆ, ಅದರ ನಡುವೆ ನಾನು ಹೋಗಿ ಕೂಡಬಾರದು. ಎದ್ದು ಏರಿಯಲ್ ಕೋಲಿನ ತಂತಿಯನ್ನು ಸೆಟ್ಟಿನಿಂದ ಬಿಚ್ಚಿದೆ. ಇನ್ನು ಏನು ಒತ್ತಿದರೂ ಅದು ಡಬ್ಬಿ ದಾಟುವುದಿಲ್ಲ. ನಮ್ಮ ಹೆಡ್‌ಫೋನಿನಲ್ಲಷ್ಟೇ ಕೇಳುತ್ತದೆ.

ತಿರುಗಿ ಕೂತು, ಮತ್ತೆ ಅವರ ತಲೆಗೆ ತಲೆ ತಾಗಿಸಿ ಕೀ ಒತ್ತಿದೆ. ಮೊದಲು ನನ್ನ ಹೆಸರು. ಆಮೇಲೆ ಒಂದೇ ಶಬ್ದ.

"ಏನು ಕಳಿಸಿದಿ?"

"ಹಾಜರ್ ಅಂತ್ರಿ."

ಆಮೇಲೆ ಬ್ಯಾಟರಿ ಇಳಿಯುತ್ತ ಬಂತು. ಮೋಟಾರಿನ ಸದ್ದು ದಪ್ಪಗಾಗಿ ನಿಂತಿತು.

ಮಂಗಳವಾರ ಮುಂಜಾನೆ ಎಂಟು ಜೋಡಿ ಎತ್ತು ಬಂದವು. ಗಾಲಿಗಳ ಮುಂದೆ ಜಾಲಿಯ ಟೊಂಗೆ ಹಾಸಿ, ಚಾಸಿಗೆ ಸರಪಳಿ ಬಿಗಿದೆವು. ಹ್ಯಾಂಡಲ್ ತಿರುವಿ ಎಂಜಿನ್ನು ಎಬ್ಬಿಸಿ, ಮೊದಲನೆಯ ಗೇರಿನಲ್ಲಿ ಮೆಲ್ಲಗೆ ಬಿಟ್ಟೆ. ಎತ್ತುಗಳು ಮೊಣಕಾಲೂರಿ ಎಳೆದವು, ಗಾಡಿ ಎದ್ದು ದಾರಿಗೆ ಬಂತು. ಕ್ಲಚ್ಚು ಹೊಸದರಂತೆ ಹಿಡಿಯಿತು. ಮುನೀಮರಿಗೆ ಅದು ತಿಳಿಯದೆ ಇರಲಿಲ್ಲ. ಹೂವಿನ ಹಿಪ್ಪರಗಿಯಲ್ಲಿ ಅವರ ಬೀಗರ ಮನೆ ಸಿಕ್ಕಿತು. ಅವರು ಸ್ನಾನ ಮಾಡಿ ಉಂಡು ಬರುವವರೆಗೆ ನಾನು ಹೊರಗೆ ಗಾಡಿಯಲ್ಲಿ ಕೂತಿದ್ದೆ. ಅವರು ಬಾಯಿ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ನನಗೆ ಉಸಿರು ತಿರುಗಿತು. ಬಾಗೇವಾಡಿಯಲ್ಲಿ ನಮ್ಮ ಓಣಿಯ ಮುಂದೆಯೇ ಹಾದೆವು. ಅವ್ವ ಕಟ್ಟೆಯ ಮೇಲಿಂದ ಕೈಬೀಸಿದಳು.

ಮುದ್ದೇಬಿಹಾಳದಲ್ಲಿ ಸಾಹುಕಾರರು ಬಾಗಿಲಲ್ಲೇ ನಿಂತಿದ್ದರು, ವೆಲ್ಡಿಂಗಿನವನೂ ಕಾಯುತ್ತಿದ್ದ. "ಒಂದ ದಿವಸ ಯಾಕ ತಡಾ ಆತು?" ಎಂದು ಗುಡುಗಿದರು. ನಾನು ಬಾಯಿ ತೆಗೆಯುವ ಮೊದಲೇ ಮುನೀಮರು, "ಡೋಣ್ಯಾಗ ಸಿಕ್ಕಿತ್ರಿ. ಸೋಮವಾರ ನೋಡ್ರಿ, ಎತ್ತು ಹೂಡ್ಲಿಲ್ಲ" ಅಂದರು. ಸಾಹುಕಾರರೂ ಬಸವಣ್ಣನಿಗೆ ನಡೆದುಕೊಳ್ಳುವವರು, ಮತ್ತೆ ಏನೂ ಕೇಳಲಿಲ್ಲ. ಎಳೆಯುತ್ತೇವೆಂದು ಬಂದ ನಲವತ್ತು ಜನರ ಸುದ್ದಿ ಮುನೀಮರ ಬಾಯಿಂದ ಆ ಹೊತ್ತೂ ಬರಲಿಲ್ಲ, ಮುಂದೆಯೂ ಬರಲಿಲ್ಲ.

ಸೆಟ್ಟನ್ನು ಅಂಗಳದ ಕಲ್ಲಿನ ಮೇಲಿಟ್ಟು ಒಡೆದರು. ಗಾಜು ಪುಡಿಯಾಗುವ ಸದ್ದು ಬಲಗಿವಿಗೆ ಚೆನ್ನಾಗಿಯೇ ಕೇಳಿತು. ನೋಡಲಾಗದೆ ಬೇಲಿಯ ಕಡೆ ಹೋಗಿ ನಿಂತೆ. ಮುನೀಮರು ಹಿಂದೆಯೇ ಬಂದು ನನ್ನ ಎಡಗಡೆ ನಿಂತು ಏನೋ ಕೇಳಿದರು. ಕೇಳಿಸಲಿಲ್ಲವೆಂದು ತಿಳಿದು ಸುತ್ತಿ ಬಲಗಡೆಗೆ ಬಂದರು.

"ನಿನ್ನೆ ಹಾಜರ್ ಅಂದಿ ಅಲಾ, ಅದು ಅವರಿಗೆ ಮುಟ್ಟಿತೇನು?"

"ಇಲ್ರಿ. ಏರಿಯಲ್ ತಗದಿದ್ದೆ. ಯಾರಿಗೂ ಕೇಳಿಲ್ಲ."

"ಯಾರಿಗೂ ಅಂದ್ರ ಹ್ಯಾಂಗ?" ಅಂದರು. "ನಿನ್ನ ಎಡಗಿವಿ ನನ್ನ ಹತ್ರ ಇತ್ತಲ್ಲೋ. ನಾ ಕೇಳೀನಿ."